ಸರಪಳಿ ಬಿಚ್ಚಿಸಿದ ಡಾಕ್ಟರ್ ಪಿನೆಲ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆಯಬೇಕು ಅಂತ ಕನ್ನಡ ಮೇಷ್ಟ್ರು ಹೇಳಿದ್ದರು. ಗಾಂಧೀಜಿ, ವಿವೇಕಾನಂದರು, ವಿಶ್ವೇಶ್ವರಯ್ಯನವರು ಎಲ್ಲರನ್ನೂ ನೀವು ನೀವೇ ಹಂಚಿಕೊಂಡುಬಿಟ್ಟಿರಿ. ನಾನು ಆವತ್ತು ಶಾಲೆಗೆ ಬಂದಿರಲಿಲ್ಲ. ಮಂಗಳವಾರ ನಮ್ಮ ಚಿಕ್ಕಪ್ಪನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮಾರನೇ ದಿನ ಬಂದರೆ ನನಗೆ ಯಾರೂ ಉಳಿದಿರಲಿಲ್ಲ. ಆಗ ವಿಜ್ಞಾನದ ಮೇಷ್ಟ್ರು ನನ್ನನ್ನು ಕರೆದು ಫ್ರಾನ್ಸ್ ದೇಶದ ಒಬ್ಬ ಡಾಕ್ಟರ ವಿಷಯ ಹೇಳಿ, ಓದೋಕೆ ಪುಸ್ತಕವನ್ನೂ ಕೊಟ್ಟರು. ಅವರೇ ಫಿಲಿಪ್ ಪಿನೆಲ್. ಹೆಸರು ನಮ್ಮ ಬಾಯಿಗೆ ಸ್ವಲ್ಪ ಕಷ್ಟ. ಎರಡು ಸಲ ಹೇಳಿದರೆ ಬರುತ್ತೆ.

ಪಿನೆಲ್ ಅವರು 1745ನೇ ಇಸವಿ ಏಪ್ರಿಲ್ 20ರಂದು ಫ್ರಾನ್ಸಿನ ದಕ್ಷಿಣ ಭಾಗದ ಜೋಂಕಿಯೇರ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಳ್ಳಿಯ ಶಸ್ತ್ರವೈದ್ಯರು. ಆ ಕಾಲದಲ್ಲಿ ಕ್ಷೌರ ಮಾಡುವವರೇ ಹುಣ್ಣು ಕೊಯ್ಯುವ ಕೆಲಸವನ್ನೂ ಮಾಡುತ್ತಿದ್ದರಂತೆ. ಮೊದಲು ಪಾದ್ರಿ ಆಗಲಿ ಅಂತ ಇವರನ್ನು ಓದಿಸಿದರು. ಆದರೆ ಇವರು ಅದನ್ನು ಬಿಟ್ಟು ವೈದ್ಯ ವಿದ್ಯೆ ಕಲಿತು, 1773ರಲ್ಲಿ ತುಲೂಸ್ ಎಂಬ ಪಟ್ಟಣದಲ್ಲಿ ಡಾಕ್ಟರ್ ಪದವಿ ಪಡೆದರು. 1778ರಲ್ಲಿ ಪ್ಯಾರಿಸ್ಸಿಗೆ ಬಂದರು. ಅಲ್ಲಿ ಏನಾಯ್ತು ಅಂದರೆ, ತುಲೂಸಿನ ಪದವಿ ಪ್ಯಾರಿಸ್ಸಿನಲ್ಲಿ ನಡೆಯೋದಿಲ್ಲ ಅಂದುಬಿಟ್ಟರು. ಓದಿ ಡಾಕ್ಟರಾದರೂ ರೋಗಿಗಳನ್ನು ನೋಡುವ ಹಾಗಿಲ್ಲ! ಹೊಟ್ಟೆಪಾಡಿಗೆ ಗಣಿತದ ಪಾಠ ಹೇಳಿಕೊಟ್ಟರು, ಬೇರೆ ಭಾಷೆಯ ವೈದ್ಯ ಪುಸ್ತಕಗಳನ್ನು ಫ್ರೆಂಚಿಗೆ ಭಾಷಾಂತರ ಮಾಡಿದರು, ಒಂದು ಆರೋಗ್ಯ ಪತ್ರಿಕೆಯನ್ನು ನಡೆಸಿದರು. ಹೀಗೆ ಹದಿನೈದು ವರ್ಷ ಕಳೆಯಿತು.

ಈ ನಡುವೆ ಅವರ ಗೆಳೆಯ ಒಬ್ಬನಿಗೆ ಮನಸ್ಸಿನ ಕಾಯಿಲೆ ಬಂತು. ವಕೀಲಿ ಓದೋಕೆ ಪ್ಯಾರಿಸ್ಸಿಗೆ ಬಂದಿದ್ದ ಹುಡುಗ. ಹಗಲೂ ರಾತ್ರಿ ಓದಿ ಓದಿ, ಒಬ್ಬನೇ ಕೂತು ಕೂತು ಮಂಕಾಗಿಬಿಟ್ಟ. ಪಿನೆಲ್ ಅವರು ಎಷ್ಟು ಪ್ರಯತ್ನಪಟ್ಟರೂ ಏನೂ ಮಾಡೋಕೆ ಆಗಲಿಲ್ಲ. ಅವನು ತನ್ನ ಊರಿಗೆ ವಾಪಸ್ಸು ಹೋದ. ಅಲ್ಲಿ ಒಂದು ರಾತ್ರಿ ಮನೆಯಿಂದ ತಪ್ಪಿಸಿಕೊಂಡು ಕಾಡಿಗೆ ಓಡಿಹೋದ. ಆಮೇಲೆ ಹೆಣ ಸಿಕ್ಕಿತು. ತೋಳಗಳು ತಿಂದಿದ್ದವು. ಪಿನೆಲ್ ಅವರಿಗೆ ಇದನ್ನು ಮರೆಯೋಕೆ ಆಗಲಿಲ್ಲ. ಅಂದಿನಿಂದ ಅವರು ಮನಸ್ಸಿನ ಕಾಯಿಲೆಯ ಬಗ್ಗೆಯೇ ಯೋಚಿಸೋಕೆ ಶುರು ಮಾಡಿದರು.

ಇದನ್ನು ನಾನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆಯುತ್ತಿತ್ತು. 1793ರ ಜನವರಿ 21ರಂದು ಹದಿನಾರನೇ ಲೂಯಿ ರಾಜನ ತಲೆ ತೆಗೆದರು. ಆವತ್ತು ಕಾವಲಿಗೆ ನಿಂತವರಲ್ಲಿ ಪಿನೆಲ್ ಅವರೂ ಒಬ್ಬರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಬಿಸೆತ್ರ ಎಂಬ ಆಸ್ಪತ್ರೆಯಲ್ಲಿ ಡಾಕ್ಟರ ಕೆಲಸಕ್ಕೆ ಸೇರಿದರು. ಆಸ್ಪತ್ರೆ ಅಂದರೆ ನಾವು ಅಂದುಕೊಂಡ ಹಾಗಲ್ಲ. ಭಿಕ್ಷುಕರು, ಮುದುಕರು, ಕಳ್ಳರು, ಕೊಲೆಗಡುಕರು, ಮನಸ್ಸಿನ ಕಾಯಿಲೆಯವರು ಎಲ್ಲರನ್ನೂ ಒಂದೇ ಗೋಡೆಯ ಒಳಗೆ ತುಂಬಿದ್ದರು. ತಲೆ ಕತ್ತರಿಸುವ ಗಿಲೊಟಿನ್ ಯಂತ್ರವನ್ನು ಮೊದಲು ಹೆಣಗಳ ಮೇಲೆ ಪರೀಕ್ಷೆ ಮಾಡಿದ್ದು ಇಲ್ಲೇ, 1792ರಲ್ಲಿ. ಮನಸ್ಸಿನ ಕಾಯಿಲೆಯ ಗಂಡಸರು ಸುಮಾರು 200 ಜನ ಇದ್ದರು. ಎಷ್ಟೋ ಜನರನ್ನು ಕಬ್ಬಿಣದ ಸರಪಳಿಯಿಂದ ಕಟ್ಟಿಹಾಕಿದ್ದರು. ಕೆಲವರು ವರ್ಷಗಟ್ಟಲೆ ಹಾಗೇ ಇದ್ದರು. ಚಿಕಿತ್ಸೆ ಅಂದರೆ ರಕ್ತ ತೆಗೆಯೋದು, ಭೇದಿಗೆ ಕೊಡೋದು, ತಣ್ಣೀರು ಸುರಿಯೋದು. ಬೇರೆ ದೇಶದಲ್ಲೂ ಹೀಗೇ. ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ 1770ರ ತನಕ ಜನ ದುಡ್ಡು ಕೊಟ್ಟು, ನಾವು ಜಾತ್ರೆಯಲ್ಲಿ ಸರ್ಕಸ್ ನೋಡೋ ಹಾಗೆ ರೋಗಿಗಳನ್ನು ನೋಡಿ ನಗುತ್ತಿದ್ದರಂತೆ.

ಈಗ ನಾನು ಇನ್ನೊಬ್ಬರ ವಿಷಯ ಹೇಳಲೇಬೇಕು. ಅವರ ಹೆಸರು ಪುಸ್ಸಿನ್. ಡಾಕ್ಟರಲ್ಲ, ಚರ್ಮ ಹದ ಮಾಡುವ ಕೆಲಸದವರು. 1771ರಲ್ಲಿ ಗಂಡಮಾಲೆ, ಅಂದರೆ ಕತ್ತಿನಲ್ಲಿ ಗಡ್ಡೆ ಏಳುವ ಕಾಯಿಲೆ ಬಂದು ರೋಗಿಯಾಗಿ ಬಿಸೆತ್ರಗೆ ಸೇರಿದ್ದರು. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿಕೊಂಡು, ಮನೋರೋಗಿಗಳ ವಾರ್ಡಿನ ಮೇಲ್ವಿಚಾರಕರಾದರು. ಅವರ ಹೆಂಡತಿ ಮಾರ್ಗರೀತ್ ಕೂಡ ಜೊತೆಯಲ್ಲೇ ದುಡಿಯುತ್ತಿದ್ದರು. ಪಿನೆಲ್ ಬರುವ ಮೊದಲೇ ಪುಸ್ಸಿನ್ ಒಂದು ಕಾನೂನು ಮಾಡಿದ್ದರು. ರೋಗಿ ಮೈಮೇಲೆ ಬಿದ್ದರೂ ಸರಿ, ಯಾವ ಆಳೂ ರೋಗಿಗೆ ಹೊಡೆಯಬಾರದು. ಹೊರಗಿನವರು ಈ ಮಾತು ಕೇಳುತ್ತಿರಲಿಲ್ಲ ಅಂತ, ವಾಸಿಯಾದ ಮತ್ತು ವಾಸಿಯಾಗುತ್ತಾ ಇದ್ದ ರೋಗಿಗಳನ್ನೇ ಆಳುಗಳಾಗಿ ಇಟ್ಟುಕೊಂಡರು. ಆ ಕಷ್ಟ ತಿಂದವರಿಗೇ ಅಲ್ಲವೇ ಅದು ಗೊತ್ತಿರೋದು?

ದೊಡ್ಡ ಡಾಕ್ಟರಾಗಿ ಬಂದ ಪಿನೆಲ್ ಅವರು ಓದದ ಪುಸ್ಸಿನ್ ಮುಂದೆ ಜಂಬ ಮಾಡಲಿಲ್ಲ. ಶಿಷ್ಯನ ಹಾಗೆ ಹಿಂದೆ ಹಿಂದೆ ಹೋಗಿ ನೋಡಿ ಕಲಿತರು. ನನಗೆ ಪಿನೆಲ್ ಇಷ್ಟವಾಗಿದ್ದು ಇಲ್ಲಿಯೇ. ದಿನಾ ವಾರ್ಡಿಗೆ ಹೋಗಿ ರೋಗಿಗಳ ಹತ್ತಿರ ಕೂತು ಮಾತಾಡಿಸುತ್ತಿದ್ದರು. ಇವನ ಊರು ಯಾವುದು, ಕಾಯಿಲೆ ಯಾವಾಗ ಶುರುವಾಯ್ತು, ಇವತ್ತು ಊಟ ಮಾಡಿದನಾ, ನಿದ್ದೆ ಬಂತಾ ಎಲ್ಲ ಬರೆದುಕೊಳ್ಳುತ್ತಿದ್ದರು. ರಕ್ತ ತೆಗೆಯೋದನ್ನು ತುಂಬಾ ಕಡಿಮೆ ಮಾಡಿದರು. ಕ್ಷಾಮ ಬಂದು ಸರ್ಕಾರ ರೋಗಿಗಳ ಬ್ರೆಡ್ಡಿನ ಅಳತೆ ಕಡಿಮೆ ಮಾಡಿದಾಗ ಸಾಯುವವರ ಸಂಖ್ಯೆ ಜಾಸ್ತಿ ಆಯಿತು. ಅದನ್ನೂ ಲೆಕ್ಕ ಹಾಕಿ ಬರೆದಿಟ್ಟರು. ಹೊಟ್ಟೆಗೆ ಇಲ್ಲದಿದ್ದರೆ ಯಾವ ಔಷಧಿ ಏನು ಮಾಡೀತು?

ಒಬ್ಬ ದರ್ಜಿಯ ಕಥೆ ಇದೆ. ರಾಜನ ತಲೆ ತೆಗೆದದ್ದು ತಪ್ಪು ಅಂತ ಅವನು ಯಾರ ಹತ್ತಿರವೋ ಅಂದಿದ್ದ. ಆಮೇಲೆ ಯಾರೋ ಹೆದರಿಸಿದರು. ನನ್ನ ತಲೆಯನ್ನೂ ತೆಗೀತಾರೆ ಅಂತ ಭಯ ಹತ್ತಿ ಊಟ, ನಿದ್ದೆ, ಕೆಲಸ ಎಲ್ಲ ಬಿಟ್ಟ. ಬಿಸೆತ್ರಗೆ ತಂದು ಹಾಕಿದರು. ಅಲ್ಲಿ ಅವನಿಗೆ ಉಳಿದ ರೋಗಿಗಳ ಹರಿದ ಬಟ್ಟೆ ಹೊಲಿಯುವ ಕೆಲಸ ಕೊಟ್ಟರು. ಸೂಜಿ ದಾರ ಕೈಗೆ ಬಂದಿದ್ದೇ ತಡ, ಮನುಷ್ಯ ಚೇತರಿಸಿಕೊಂಡ. ಆದರೆ ಸ್ವಲ್ಪ ದಿನಕ್ಕೆ ಭಯ ಮತ್ತೆ ಬಂತು. ಆಗ ಪಿನೆಲ್ ಒಂದು ನಾಟಕ ಆಡಿಸಿದರು. ಮೂವರು ಡಾಕ್ಟರು ಕಪ್ಪು ಬಟ್ಟೆ ಹಾಕಿಕೊಂಡು ನ್ಯಾಯಾಧೀಶರ ಹಾಗೆ ಬಂದು, ವಿಚಾರಣೆ ನಡೆಸಿ, ಇವನ ತಪ್ಪೇನೂ ಇಲ್ಲ ಅಂತ ತೀರ್ಪು ಕೊಟ್ಟರು. ದರ್ಜಿ ಹಗುರವಾದ. ಆದರೆ ಯಾರೋ ಬುದ್ಧಿ ಇಲ್ಲದವರು ಅದೆಲ್ಲ ನಾಟಕ ಅಂತ ಅವನಿಗೆ ಹೇಳಿಬಿಟ್ಟರು. ಕಾಯಿಲೆ ತಿರುಗಿ ಬಂತು, ಮತ್ತೆ ವಾಸಿಯಾಗಲಿಲ್ಲ. ಪಿನೆಲ್ ಇದನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಗೆದ್ದದ್ದನ್ನು ಎಲ್ಲರೂ ಬರೀತಾರೆ, ಸೋತದ್ದನ್ನು ಬರೆಯೋರು ಕಡಿಮೆ.

1795ರಲ್ಲಿ ಅವರಿಗೆ ಸಾಲ್ಪೆತ್ರಿಯೇರ್ ಎಂಬ ಹೆಂಗಸರ ದೊಡ್ಡ ಆಸ್ಪತ್ರೆಗೆ ವರ್ಗವಾಯಿತು. ಮೊದಲು ಆ ಜಾಗದಲ್ಲಿ ಕೋವಿಮದ್ದು ಮಾಡುವ ಕಾರ್ಖಾನೆ ಇತ್ತು. ಪೆಟ್ಲುಪ್ಪಿನಿಂದಲೇ ಆ ಹೆಸರು ಬಂದಿದ್ದು. ಪಿನೆಲ್ ಹೋದಮೇಲೆ, 1797ರಲ್ಲಿ, ಬಿಸೆತ್ರದಲ್ಲಿ ಪುಸ್ಸಿನ್ ರೋಗಿಗಳ ಸರಪಳಿಗಳನ್ನು ಬಿಚ್ಚಿಸಿದರು. ಹೌದು, ಮೊದಲು ಬಿಚ್ಚಿದ್ದು ಪಿನೆಲ್ ಅಲ್ಲ, ಪುಸ್ಸಿನ್. ಪಿನೆಲ್ ಅವರೇ ಇದನ್ನು ಬರೆದಿದ್ದಾರೆ. ಆದರೆ ಪಿನೆಲ್ ತೀರಿಕೊಂಡ ಮೇಲೆ ಅವರ ಮಗ, ಎಲ್ಲವನ್ನೂ ತಂದೆಯೇ ಮಾಡಿದರು ಅಂತ ಕಥೆ ಕಟ್ಟಿದ. ಚಿತ್ರ ಬರೆಯುವವರು ದೊಡ್ಡ ದೊಡ್ಡ ಚಿತ್ರ ಬರೆದರು. ಪುಸ್ಸಿನ್ ಹೆಸರು ಮರೆತೇಹೋಯಿತು. ಈ ಲೇಖನದ ತಲೆಬರಹದಲ್ಲಿ ನಾನೂ ಪಿನೆಲ್ ಹೆಸರೇ ಹಾಕಿದ್ದೇನೆ. ಸಾಲ್ಪೆತ್ರಿಯೇರ್‌ನಲ್ಲಿ ಸರಪಳಿ ಬಿಚ್ಚಿಸಿದ್ದು ಅವರೇ ಆದ್ದರಿಂದ ಅದು ಸುಳ್ಳೇನಲ್ಲ.

ಪಿನೆಲ್ ಅವರು ಹಟ ಹಿಡಿದು ಕೇಳಿ ಕೇಳಿ, 1802ರಲ್ಲಿ ಪುಸ್ಸಿನ್ ದಂಪತಿಗಳನ್ನು ತಮ್ಮ ಆಸ್ಪತ್ರೆಗೇ ಕರೆಸಿಕೊಂಡರು. ತುಂಬಾ ಗಲಾಟೆ ಮಾಡುವವರನ್ನು, ಮಂಕಾಗಿ ಕೂತವರನ್ನು, ವಾಸಿಯಾಗುತ್ತಾ ಇರುವವರನ್ನು ಬೇರೆ ಬೇರೆ ಇಟ್ಟರು. ಓಡಾಡೋಕೆ ಮರಗಳಿರುವ ಅಂಗಳ, ಕೂತು ಹೊಲಿಗೆ ಮಾಡೋಕೆ ದೊಡ್ಡ ಕೋಣೆ ಆಯಿತು. ಸುಮ್ಮನೆ ಕೂರಿಸಿದರೆ ಕಾಯಿಲೆ ಹೆಚ್ಚುತ್ತೆ, ಕೈಗೆ ಕೆಲಸ ಕೊಡಬೇಕು ಅನ್ನೋದು ಅವರ ಅಭಿಪ್ರಾಯ. ಸ್ಪೇನ್ ದೇಶದ ಸರಗೋಸ ಎಂಬ ಊರಿನ ಆಸ್ಪತ್ರೆಯಲ್ಲಿ ರೋಗಿಗಳು ಹೊಲದಲ್ಲಿ ದುಡಿದು ವಾಸಿಯಾಗುತ್ತಿದ್ದರಂತೆ. ಕೈ ಕೆಸರು ಮಾಡಿಕೊಳ್ಳದ ಸಾಹುಕಾರರು ಮಾತ್ರ ಹಾಗೇ ಉಳಿಯುತ್ತಿದ್ದರಂತೆ! ಆದರೆ ಎಲ್ಲವೂ ಸುಖವಾಗಿ ಇರಲಿಲ್ಲ. ಸರಪಳಿ ಬದಲು ಕೈ ಅಲ್ಲಾಡಿಸಲು ಆಗದ ದಪ್ಪ ಬಟ್ಟೆಯ ಅಂಗಿ ಹಾಕುತ್ತಿದ್ದರು. ಹೆದರಿಸೋದೂ ಇತ್ತು. ಈಗಿನ ಮಾತ್ರೆಗಳು ಆಗ ಇರಲಿಲ್ಲ.

1801ರಲ್ಲಿ ಅವರು ಮನೋರೋಗದ ಬಗ್ಗೆ ಬರೆದ ಪುಸ್ತಕ ಬೇರೆ ಭಾಷೆಗಳಿಗೂ ಹೋಯಿತು. ಆಮೇಲೆ ಅದನ್ನು ತಿದ್ದಿ 1809ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಅದರಲ್ಲಿ ಒಂದು ವಿಚಾರ ಇದೆ. ಕಟ್ಟಿಹಾಕಿದ ಮನುಷ್ಯ ಕೂಗಾಡಿದರೆ, ಅದು ಕಾಯಿಲೆಯಿಂದಲೋ ಸರಪಳಿಯ ನೋವಿನಿಂದಲೋ ಡಾಕ್ಟರಿಗೂ ಗೊತ್ತಾಗೋದಿಲ್ಲ. ಬಿಚ್ಚಿ ನೋಡಿದರೇ ಗೊತ್ತಾಗೋದು.

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಚಿಕ್ಕಪ್ಪನ ವಿಷಯ ನಿಮಗೆಲ್ಲಾ ಗೊತ್ತು. ಹೋದ ವರ್ಷ ಅವರನ್ನು ಎಂಟು ತಿಂಗಳು ಕೊಟ್ಟಿಗೆಯ ಕಂಬಕ್ಕೆ ಹಗ್ಗದಲ್ಲಿ ಕಟ್ಟಿದ್ದರು. ಕಟ್ಟಿದ್ದು ಬೇರೆ ಯಾರೂ ಅಲ್ಲ, ಅಜ್ಜಿಯೇ. ಅಜ್ಜಿ ಕೆಟ್ಟವರಲ್ಲ. ಎರಡು ಸಲ ಚಿಕ್ಕಪ್ಪ ರಾತ್ರಿ ಎದ್ದು ಹೋಗಿ ಬಾವಿ ಕಟ್ಟೆ ಮೇಲೆ ಕೂತಿದ್ದರು. ಆ ಭಯ ಅಜ್ಜಿಗೆ. ಊಟ ತಾನೇ ಕಲಸಿ ತಿನ್ನಿಸಿ ಕೊಟ್ಟಿಗೆಯಲ್ಲೇ ಅಳುತ್ತಿದ್ದರು. ಅವರು ಕೂಗಾಡಿದಾಗ ನಾನು ಕಿವಿ ಮುಚ್ಚಿಕೊಂಡು ಓದುತ್ತಿದ್ದೆ. ಒಂದು ದಿನ ನೀವೆಲ್ಲ ಸೂರಿನಡಿ ನಿಂತು ಕಲ್ಲು ಎಸೆದಾಗ ನಾನೂ ಒಂದು ಎಸೆದೆ. ನಮ್ಮ ಚಿಕ್ಕಪ್ಪ ಅಲ್ಲ ಅನ್ನೋ ಹಾಗೆ ಇರೋಣ ಅಂತ. ಅದು ಅವರ ಮೊಣಕಾಲಿಗೆ ತಾಗಿತು. ಅವರು ನನ್ನನ್ನು ನೋಡಿದರು, ಕೂಗಲಿಲ್ಲ. ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಈ ಪತ್ರಿಕೆ ಅಂಟಿಸೋ ಮೊದಲು ಅಜ್ಜಿಗೂ ಚಿಕ್ಕಪ್ಪನಿಗೂ ಓದಿ ಹೇಳಿದೆ. ಬರೀಲಿ ಬಿಡು ಅಂತ ಚಿಕ್ಕಪ್ಪನೇ ಅಂದರು.

ಆಶಾ ಅಕ್ಕ ಬಂದು, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರ್ತಾರೆ, 2017ರ ಕಾನೂನಿನ ಪ್ರಕಾರ ಮನೋರೋಗಿಗಳನ್ನು ಸರಪಳಿ ಹಾಕಿ ಕಟ್ಟುವ ಹಾಗಿಲ್ಲ ಅಂತ ಹೇಳಿದ ಮೇಲೆ ಅಪ್ಪ ಹಗ್ಗ ಬಿಚ್ಚಿದರು. ಈಗ ಮಾತ್ರೆ ನುಂಗುತ್ತಾರೆ. ಕೆಲವು ದಿನ ಮಂಕಾಗಿರುತ್ತಾರೆ. ಹಸುವಿಗೆ ಹುಲ್ಲು ತರೋದು, ಹಾಲು ಕರೆಯೋದು ಅವರದೇ ಕೆಲಸ.

ಪಿನೆಲ್ ಅವರ ಕೊನೆಯ ಕಾಲ ಹೇಳೋದು ಮರೆತೆ. ಪುಸ್ಸಿನ್ 1811ರಲ್ಲಿ ತೀರಿಕೊಂಡರು. 1822ರಲ್ಲಿ ರಾಜಕೀಯದ ಕಾರಣಕ್ಕೆ ಪಿನೆಲ್ ಅವರ ಪ್ರೊಫೆಸರ್ ಹುದ್ದೆ ಕಿತ್ತುಕೊಂಡರು. ಆಗ ಅವರಿಗೆ 77 ವರ್ಷ. ಆಸ್ಪತ್ರೆಯನ್ನು ಮಾತ್ರ ಬಿಡಲಿಲ್ಲ. 1826ರ ಅಕ್ಟೋಬರ್ 25ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಸಾಲ್ಪೆತ್ರಿಯೇರ್ ಆಸ್ಪತ್ರೆಯ ಮುಂದೆ ಅವರ ಪ್ರತಿಮೆ ಇದೆ.

ಚಿಕ್ಕಪ್ಪ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ನಮ್ಮ ಶಾಲೆಯ ಗೇಟಿನ ಮುಂದೆಯೇ ಹೋಗ್ತಾರೆ. ಪ್ರಾರ್ಥನೆ ಬೆಲ್ ಹೊಡೆಯೋ ಹೊತ್ತಿಗೆ ನಿಮ್ಮಲ್ಲಿ ಕೆಲವರು ಗೇಟು ಹತ್ತಿ ಏನಂತ ಕೂಗ್ತೀರಿ ಅಂತ ನಾನು ಇಲ್ಲಿ ಬರೆಯೋದಿಲ್ಲ. ಅವರ ಹೆಸರು ರಂಗಸ್ವಾಮಿ. ರಂಗಣ್ಣ ಅಂತ ಕರೆದರೆ ಕ್ಯಾನು ಕೆಳಗಿಟ್ಟು ಮಾತಾಡಿಸ್ತಾರೆ.