ಶೋಷಿತ ಮಕ್ಕಳ ವಕೀಲ ಕುದ್ಮುಲ್ ರಂಗರಾವ್ (1859–1928)

ಜನನ ಮತ್ತು ವಿದ್ಯಾಭ್ಯಾಸ

ಕರಾವಳಿಯಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಕುಟುಂಬಗಳ ಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆದ ಮಹನೀಯರಲ್ಲಿ ಕುದ್ಮುಲ್ ರಂಗರಾವ್ ಅವರು ಅಗ್ರಗಣ್ಯರು. ಇವರು 1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಇಂದು ಕೇರಳ ರಾಜ್ಯದಲ್ಲಿರುವ ಕಾಸರಗೋಡು ಆಗ ಮಂಗಳೂರು, ಬಂಟ್ವಾಳಗಳಂತೆಯೇ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರ ಮೇಲೆ ಸಂಸಾರದ ಹೊಣೆ ಬಿದ್ದಿತು. ಜೀವನೋಪಾಯಕ್ಕಾಗಿ ಮಂಗಳೂರಿಗೆ ಬಂದ ಅವರು ಅಲ್ಪ ವೇತನದ ಶಿಕ್ಷಕ ವೃತ್ತಿಯನ್ನು ಕೈಗೊಂಡರು. ದುಡಿಯುತ್ತಲೇ ಓದು ಮುಂದುವರಿಸಿ, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಮಂಗಳೂರಿನ ನ್ಯಾಯಾಲಯದಲ್ಲಿ ವೃತ್ತಿಯನ್ನು ಪ್ರಾರಂಭಿಸಿದರು.

ಬಡವರ ವಕೀಲರು

ನ್ಯಾಯಾಲಯಕ್ಕೆ ಬರುತ್ತಿದ್ದ ನಿರ್ಗತಿಕ ಕಕ್ಷಿದಾರರ ಪರವಾಗಿ ನಿಂತ ಕಾರಣ ರಂಗರಾಯರು ಬಡವರ ವಕೀಲರೆಂದು ಹೆಸರಾದರು. ಈ ಅವಧಿಯಲ್ಲಿಯೇ ಅವರ ಬದುಕಿಗೆ ತಿರುವು ನೀಡಿದ ಪ್ರಸಂಗವೊಂದು ನಡೆಯಿತು. ಕ್ರೈಸ್ತ ಮಿಷನರಿಗಳ ಶಾಲೆಯಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಪಡೆದಿದ್ದ ಬೆಂದೂರು ಬಾಬು ಎಂಬ ದಲಿತ ಯುವಕನಿಗೆ ನ್ಯಾಯಾಲಯದಲ್ಲಿ ಜವಾನನ ಹುದ್ದೆ ದೊರೆಯಿತು. ಆದರೆ ಅವನು ಅಲ್ಲಿ ದುಡಿಯುವುದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ನ್ಯಾಯ ನೀಡುವ ಸ್ಥಳದಲ್ಲಿಯೇ ಹೀಗಾದರೆ, ಅಕ್ಷರವನ್ನೇ ಕಾಣದ ಮಕ್ಕಳ ಗತಿ ಏನೆಂಬ ಚಿಂತೆ ರಂಗರಾಯರನ್ನು ಕಾಡಿತು. ಜಾತಿಭೇದವನ್ನು ಒಪ್ಪದ ಬ್ರಹ್ಮಸಮಾಜದ ವಿಚಾರಗಳು ಅವರ ಸಂಕಲ್ಪಕ್ಕೆ ಬಲ ನೀಡಿದವು. ಒಬ್ಬೊಬ್ಬರ ವ್ಯಾಜ್ಯವನ್ನು ಗೆದ್ದುಕೊಟ್ಟರೆ ಸಾಲದು, ಇಡೀ ಸಮುದಾಯದ ಮುಂದಿನ ಪೀಳಿಗೆಗೆ ವಿದ್ಯೆ ದೊರೆಯಬೇಕೆಂದು ಅವರು ನಿರ್ಧರಿಸಿದರು.

ಶಾಲೆಗಳ ಸ್ಥಾಪನೆ

ಅದರಂತೆ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ಪ್ರಾರಂಭಿಸಲಾಯಿತು. ವಿರೋಧ ತೀವ್ರವಾದುದರಿಂದ ಅದು ಬಹುಕಾಲ ನಡೆಯಲಿಲ್ಲ. ಸ್ವಜಾತಿಯವರು ರಂಗರಾಯರ ಕುಟುಂಬಕ್ಕೆ ಬಹಿಷ್ಕಾರ ಹಾಕಿದರು. ಈ ಶಾಲೆಗಳಲ್ಲಿ ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರಲಿಲ್ಲವಾದ್ದರಿಂದ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಳ್ಳಲಾಯಿತು. ಎದೆಗುಂದದ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಕಂಕನಾಡಿ, ಬೋಳೂರು, ಅತ್ತಾವರ, ಮೂಲ್ಕಿ, ಉಡುಪಿ ಭಾಗದ ಬನ್ನಂಜೆ, ನೇಜಾರು ಮುಂತಾದೆಡೆ ಶಾಲೆಗಳನ್ನು ತೆರೆದರು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಮಗು ಶಾಲೆಗೆ ಹೋದರೆ ಆ ದಿನದ ಕೂಲಿ ತಪ್ಪುತ್ತದೆಂಬುದು ಪೋಷಕರ ಅಳಲಾಗಿತ್ತು. ಇದನ್ನು ಅರಿತ ರಂಗರಾಯರು ಹಾಜರಾಗುವ ಪ್ರತಿ ಮಗುವಿಗೆ ದಿನಕ್ಕೆ 2 ಪೈಸೆ ಭತ್ಯೆಯನ್ನೂ ಮಧ್ಯಾಹ್ನದ ಊಟವನ್ನೂ ಒದಗಿಸಿದರು. ಬಡತನವೇ ಮೊದಲ ಅಡ್ಡಿಯಾಗಿರುವಾಗ, ನೆರವಿಲ್ಲದ ಹಕ್ಕು ಮಗುವಿಗೆ ತಲುಪುವುದಿಲ್ಲವೆಂಬುದನ್ನು ಅವರು ಕಾರ್ಯತಃ ತೋರಿಸಿಕೊಟ್ಟರು.

ವಸತಿ, ಉದ್ಯೋಗ ಮತ್ತು ಪ್ರಾತಿನಿಧ್ಯ

ಓದಿದ ಮಕ್ಕಳಿಗೆ ಕಸುಬು ದೊರೆಯಲೆಂದು ನೇಯ್ಗೆ ಮತ್ತು ಮರಗೆಲಸದ ತರಬೇತಿಯನ್ನು ಏರ್ಪಡಿಸಲಾಯಿತು. ದೂರದಿಂದ ಬರುವವರಿಗೆ ವಸತಿಯ ವ್ಯವಸ್ಥೆಯಾಯಿತು. ಭೂಮಿಯಿಲ್ಲದ ಕೊರಗ ಮತ್ತಿತರ ಕುಟುಂಬಗಳಿಗೆ ನಿವೇಶನಗಳನ್ನು ದೊರಕಿಸಿಕೊಟ್ಟು ನೆಲೆ ನಿಲ್ಲಿಸಲಾಯಿತು. ಜಿಲ್ಲಾ ಬೋರ್ಡ್ ಹಾಗೂ ಮಂಗಳೂರು ಪುರಸಭೆಯಲ್ಲಿ ದಲಿತರಿಗೆ ಸ್ಥಾನ ದೊರೆಯುವಂತೆಯೂ ಅವರು ಶ್ರಮಿಸಿದರು.

ತಮ್ಮ ಮನೆಯಲ್ಲಿಯೂ ರಂಗರಾಯರು ಇದೇ ತತ್ವವನ್ನು ಪಾಲಿಸಿದರು. ಅವರ ಮಗಳು ರಾಧಾಬಾಯಿ ಉನ್ನತ ವಿದ್ಯಾಭ್ಯಾಸ ಪಡೆದು, ಜಾತಿಯ ಎಲ್ಲೆ ಮೀರಿ ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದರು. ರಾಧಾಬಾಯಿ ಅವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು.

ಅಂತಿಮ ದಿನಗಳು

1927ರಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆಂಬ ಹೆಸರು ಪಡೆದ ರಂಗರಾಯರು 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ಪೌರಕಾರ್ಮಿಕ ವೃತ್ತಿಯ ದಲಿತರೇ ನೆರವೇರಿಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಸಾಗುವುದನ್ನು ಕಾಣಬೇಕೆಂದು ಅವರು ಹಂಬಲಿಸಿದ್ದರು. 1934ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ಈ ಸಂಸ್ಥೆಗೆ ಭೇಟಿ ನೀಡಿದರು. ಮಂಗಳೂರಿನ ಪುರಭವನವು ಇಂದು ಕುದ್ಮುಲ್ ರಂಗರಾವ್ ಅವರ ಹೆಸರನ್ನು ಹೊತ್ತಿದೆ.

ಇಂದಿನ ನಾಗರಿಕರಿಗೆ

ರಂಗರಾಯರು ಸ್ವಂತ ದುಡಿಮೆ ಮತ್ತು ದಾನಿಗಳ ನೆರವಿನಿಂದ ನಡೆಸಿದ ಕಾರ್ಯವು ಇಂದು ಕಾನೂನಿನ ಹಕ್ಕಾಗಿದೆ. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. 6ರಿಂದ 14 ವರ್ಷದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ಮಕ್ಕಳು, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದಾರೆ. ನೇತ್ರಾವತಿ ತೀರದ ನರಿಕೊಂಬು ಗ್ರಾಮದ ಮಗುವಿರಲಿ, ಬೆಳ್ತಂಗಡಿಯ ಕಾಡಂಚಿನ ಮಗುವಿರಲಿ, ಈ ನೆರವನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಮೂಲಕ ಪಡೆಯಬಹುದಾಗಿದೆ. ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿನಿಲಯ ಹಾಗೂ ವಿದ್ಯಾರ್ಥಿವೇತನದ ಸೌಲಭ್ಯಗಳೂ ಇವೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿ ಇದೆ.

ಅರ್ಜಿ ಸಲ್ಲಿಸುವ ಪೋಷಕರು ಈ ಸೌಲಭ್ಯಗಳನ್ನು ಯಾರೊಬ್ಬರ ಕೃಪೆಯೆಂದು ಭಾವಿಸಬೇಕಾಗಿಲ್ಲ. ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸುವುದೇ ರಂಗರಾಯರಿಗೆ ಸಲ್ಲಿಸುವ ನಿಜವಾದ ಗೌರವವಾಗಿದೆ.