ಜಾನ್ ವಾನ್ ನ್ಯೂಮನ್ ಮತ್ತು ಬೀಜಸಂಖ್ಯೆ

ಜಾನ್ ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಬ್ಯಾಂಕಿನವರು; ಗಣಿತವನ್ನೇ ನಂಬಿದರೆ ಮಗನ ಹೊಟ್ಟೆ ತುಂಬೀತೇ ಎಂಬ ಚಿಂತೆ ಅವರಿಗೆ. (ನಮ್ಮ ಪೋಷಕರ ಸಭೆಯಲ್ಲೂ ಇದೇ ಮಾತು.) ಹೀಗಾಗಿ ಜ್ಯೂರಿಕ್‌ನಲ್ಲಿ ರಸಾಯನ ಎಂಜಿನಿಯರಿಂಗ್ ಓದುತ್ತಲೇ ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿದರು. 1933ರಿಂದ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದರು.

ಯುದ್ಧಕಾಲದಲ್ಲಿ ಲಾಸ್ ಅಲಮೋಸ್‌ನ ಅಣುಬಾಂಬ್ ಯೋಜನೆಗೆ ಸಲಹೆಗಾರರಾದರು. ಇದನ್ನು ಮಕ್ಕಳಿಂದ ಮುಚ್ಚಿಡಬಾರದೆಂದು ನನ್ನ ಅಭಿಪ್ರಾಯ. ಗೆಳೆಯ ಸ್ಟಾನಿಸ್ಲಾವ್ ಉಲಾಂ 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟಾಡುವಾಗ ಅವರಿಗೊಂದು ಉಪಾಯ ಹೊಳೆಯಿತು: ನ್ಯೂಟ್ರಾನ್ ಎತ್ತ ತಿರುಗುತ್ತದೆಂದು ಸಮೀಕರಣದಲ್ಲಿ ಹುಡುಕುವ ಬದಲು, ಚೀಟಿ ಎತ್ತಿದಂತೆ ದಾರಿ ಆರಿಸಿ ಅನೇಕ ಸಲ ಆಡಿಸಿ ನೋಡುವುದು. ಅದಕ್ಕೆ ಯಾದೃಚ್ಛಿಕ ಸಂಖ್ಯೆಗಳು ರಾಶಿಗಟ್ಟಲೆ ಬೇಕು. ಎನಿಯಾಕ್ ಯಂತ್ರದ ಸ್ಮರಣೆಯಲ್ಲಿ ಹಿಡಿಯುತ್ತಿದ್ದುದು 10 ಅಂಕೆಗಳ 20 ಸಂಖ್ಯೆ; ಕಾರ್ಡಿನಿಂದ ಓದಿಸುವುದು ತೀರ ನಿಧಾನ. ಯಂತ್ರವೇ ಸಂಖ್ಯೆ ಹುಟ್ಟಿಸಿಕೊಳ್ಳಲಿ ಎಂದರು ನ್ಯೂಮನ್: ಒಂದು ಸಂಖ್ಯೆಯ ವರ್ಗ ಮಾಡಿ, ನಡುವಿನ ಅಂಕೆಗಳನ್ನು ತೆಗೆದುಕೊಂಡು, ಅದನ್ನೇ ಮತ್ತೆ ವರ್ಗ ಮಾಡುವುದು.

ಬೋಧನಾಭ್ಯಾಸಕ್ಕೆ ಹೋಗಿದ್ದ ವಿಜಯನಗರದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇದನ್ನೇ ಪಾಠ ಮಾಡಿದೆ. ಬೋರ್ಡಿಗೆ ಯಾರು ಬರಬೇಕೆಂಬುದು ಅಲ್ಲಿ ಜಗಳದ ವಿಷಯ. ಹಿಂದಿನ ಬೆಂಚಿನವರಿಗೆ ಸರದಿಯೇ ಬರುತ್ತಿರಲಿಲ್ಲ. 1234ರ ವರ್ಗ 01522756, ನಡುವೆ 5227. ಅದರ ವರ್ಗ 27321529, ನಡುವೆ 3215. ಮಕ್ಕಳು 41, ಪ್ರತಿ ಸಂಖ್ಯೆಯನ್ನು 41ರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸಿದರೆ ಹಾಜರಿ ಸಂಖ್ಯೆ 21, ಆಮೇಲೆ 18. ಪೈಥಾನ್‌ನಲ್ಲಿ ಕೆಲವೇ ಸಾಲು.

ಅಕ್ಕಪಕ್ಕದ ಇಬ್ಬರು 1234ನ್ನೇ ಕೊಟ್ಟಿದ್ದರು. ಇಬ್ಬರ ಪಟ್ಟಿಯೂ ಒಂದೇ. ಹಾಗಾದರೆ ಇದು ಚೀಟಿಯಲ್ಲ, ಮೊದಲೇ ಬರೆದಿಟ್ಟದ್ದು ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆಕ್ಷೇಪಿಸಿದಳು. ಆಕೆ ಹೇಳಿದ್ದು ಸರಿ. ನ್ಯೂಮನ್ನರಿಗೆ ಬೇಕಾಗಿದ್ದುದೂ ಅದೇ. ನಿರ್ವಾತ ಕೊಳವೆಗಳು ಕೆಡುತ್ತಿದ್ದ ಯಂತ್ರದಲ್ಲಿ ಉತ್ತರವನ್ನು ನಂಬಬೇಕಾದರೆ ಅದೇ ಬೀಜ ಕೊಟ್ಟು ಮತ್ತೊಮ್ಮೆ ಓಡಿಸಬೇಕು. ನಿಜವಾದ ಚೀಟಿಯಾದರೆ ಎರಡನೇ ಸಲ ಬೇರೆಯೇ ಬರುತ್ತದೆ. ಪ್ರೋಗ್ರಾಂ ಪರೀಕ್ಷಿಸುವಾಗ ಸ್ಥಿರ ಬೀಜ, ಸರದಿ ಆರಿಸುವಾಗ ಬದಲಾಗುವ ಬೀಜ ಎಂದು ಬೋರ್ಡಿನಲ್ಲಿ ಬರೆದೆ. ಗಡಿಯಾರದ ಹೊತ್ತನ್ನೇ ಬೀಜ ಮಾಡಬಹುದು; ತರಗತಿಗೆ ಅಷ್ಟು ಸಾಕು, ಪಾಸ್‌ವರ್ಡಿಗೆ ಸಾಲದು, ಹೊತ್ತನ್ನು ಊಹಿಸಬಹುದು. ಬೀಜ ಕೊಡದೆ ಬಿಟ್ಟರೆ ಪೈಥಾನ್‌ನ ಸ್ವಂತ ಯಾದೃಚ್ಛಿಕ ಸೌಲಭ್ಯ ಅದನ್ನು ಆಪರೇಟಿಂಗ್ ಸಿಸ್ಟಂನಿಂದ ಪಡೆಯುತ್ತದೆ.

ಇನ್ನೊಂದು ಬೆಂಚಿನವರು 2100 ಕೊಟ್ಟರು: 4100, 8100, 6100, ಮತ್ತೆ 2100. ನಾಲ್ಕೇ ಮಕ್ಕಳು ಸುತ್ತುತ್ತಿದ್ದರು. 3792 ಅಂತೂ ನಿಂತಲ್ಲೇ ನಿಂತಿತು. ಈ ದೋಷ ನ್ಯೂಮನ್ನರಿಗೆ ಗೊತ್ತಿತ್ತು; ಕೆಟ್ಟರೆ ಕಣ್ಣಿಗೆ ಕಾಣುವಂತೆ ಕೆಡುತ್ತದೆ ಎಂಬುದೇ ಅವರಿಗೆ ಸಮಾಧಾನ. ಗುಣಿಸಿ ಶೇಷ ಹಿಡಿಯುವ ಡಿ. ಎಚ್. ಲೆಹ್ಮರರ ವಿಧಾನ ಮುಂದೆ ಹೆಚ್ಚು ಬಳಕೆಗೆ ಬಂತು.

ನ್ಯೂಮನ್ನರ ಲೇಖನ 1951ರಲ್ಲಿ ಅಚ್ಚಾಯಿತು. 1957ರ ಫೆಬ್ರುವರಿ 8ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ.