ಕರಿಹಲಗೆಯ ಮುಂದೆ

ಭೀಮರಾವ್ ಅಂಬೇಡ್ಕರ್ ಅವರು 1891ನೆಯ ಇಸವಿ ಏಪ್ರಿಲ್ 14ರಂದು ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ತಾಯಿ ಭೀಮಾಬಾಯಿಯವರು ಮಗನ ಎಳವೆಯಲ್ಲಿಯೇ ತೀರಿಕೊಂಡರು. ಅಂದು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಮಹಾರ್ ಜಾತಿಗೆ ಸೇರಿದ ಕುಟುಂಬವದು.

ಸಾತಾರದ ಶಾಲೆಯಲ್ಲಿ ಬಾಲಕ ಭೀಮನಿಗೆ ದೊರೆತುದು ತರಗತಿಯ ಒಂದು ಮೂಲೆ. ಕೂರಲು ಗೋಣಿತಟ್ಟನ್ನು ಅವನೇ ಮನೆಯಿಂದ ತರಬೇಕು, ಸಂಜೆ ಮರಳಿ ಒಯ್ಯಬೇಕು. ಶಾಲೆ ಗುಡಿಸುವ ಆಳು ಸಹ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದ ಇತರ ಮಕ್ಕಳು ತಾವೇ ಹೋಗಿ ನಲ್ಲಿ ತಿರುಗಿಸುತ್ತಿದ್ದರು. ಭೀಮನಿಗಾದರೋ ಜವಾನನು ಬಂದು ತಿರುಗಿಸಬೇಕಾಗಿತ್ತು. ಜವಾನನು ಬಾರದ ದಿನ ನೀರೂ ಇಲ್ಲ. ಆದರೂ ಅದೇ ಶಾಲೆಯ ಗುರುಗಳೊಬ್ಬರು ತಮ್ಮ ಬುತ್ತಿಯಲ್ಲಿ ಅವನಿಗೆ ಪಾಲು ಕೊಡುತ್ತಿದ್ದರೆಂಬುದನ್ನು ಮರೆಯಲಾಗದು.

ಮುಂದೆ ಕುಟುಂಬವು ಮುಂಬಯಿಗೆ ಬಂದು ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ನೆಲೆಸಿತು. ತಂದೆಯವರು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಮಗನನ್ನು ಓದಿಗೆ ಎಬ್ಬಿಸುತ್ತಿದ್ದರು. ಭೀಮನು ಸೇರಿದ ಎಲ್ಫಿನ್‌ಸ್ಟನ್ ಪ್ರೌಢಶಾಲೆಯು ಹೆಸರಾಂತ ಸರಕಾರಿ ಶಾಲೆ. ಮಹಾನಗರದ ಹುಡುಗರ ನಡೆಯಾದರೂ ಬೇರೆಯಾಗಿದ್ದೀತೆಂದು ನಾವು ಎಣಿಸಬಹುದು, ಹಾಗಾಗಲಿಲ್ಲ. ಒಂದು ದಿನ ಉಪಾಧ್ಯಾಯರು ಲೆಕ್ಕ ಬಿಡಿಸಲು ಭೀಮನನ್ನು ಕರಿಹಲಗೆಯ ಬಳಿಗೆ ಕರೆದರು. ಅವನು ಏಳುತ್ತಲೇ ತರಗತಿಯಲ್ಲಿ ಕೂಗಾಟವೆದ್ದಿತು. ಹಲಗೆಯ ಹಿಂದೆ ಮಕ್ಕಳ ಬುತ್ತಿಯ ಡಬ್ಬಿಗಳಿದ್ದವು. ಅವನು ಹಲಗೆಯನ್ನು ಸಮೀಪಿಸಿದರೆ ಊಟವೆಲ್ಲ ಮೈಲಿಗೆಯಾದೀತೆಂದು ಹುಡುಗರು ಮುನ್ನುಗ್ಗಿ, ಅವನು ತಲಪುವ ಮೊದಲೇ ಡಬ್ಬಿಗಳನ್ನು ಎತ್ತಿ ಪಕ್ಕಕ್ಕೆಸೆದರು. ಕೂಗಿದವರು ಪರಕೀಯರಲ್ಲ, ದಿನವೂ ಅದೇ ಪಾಠವನ್ನು ಅವನೊಡನೆ ಕೇಳುತ್ತಿದ್ದವರು. ಮೈಲಿಗೆಯ ಮಾತನ್ನು ಅವರು ಹಿರಿಯರಿಂದಲೇ ಕಲಿತಿರಬೇಕು. ಉಪಾಧ್ಯಾಯರೊಬ್ಬರಂತೂ ಮಹಾರನಿಗೆ ಓದು ಏತಕ್ಕೆಂದು ಪದೇ ಪದೇ ಹಂಗಿಸುತ್ತಿದ್ದರು. ಒಮ್ಮೆ ತಾಳ್ಮೆಗೆಟ್ಟ ಭೀಮನು ಅವರಿಗೆ ಖಾರವಾಗಿಯೇ ಉತ್ತರಿಸಿದನು. ಸಂಸ್ಕೃತ ಕಲಿಯುವ ಆಸೆಗೂ ಅಡ್ಡಿ ಬಂದುದರಿಂದ ಪಾರಸಿ ಭಾಷೆಯನ್ನು ಆರಿಸಿಕೊಂಡನು. ಸಂಸ್ಕೃತವನ್ನು ಮುಂದೆ ಸ್ವಪ್ರಯತ್ನದಿಂದ ಕಲಿತನು.

1907ರಲ್ಲಿ ಅವನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಆ ಸಮಾಜದ ಹುಡುಗನಿಗೆ ಅದು ಎಷ್ಟು ಅಪರೂಪದ ಸಾಧನೆಯಾಗಿತ್ತೆಂದರೆ, ಅಭಿನಂದಿಸಲು ಸಭೆಯೇ ಸೇರಿತು. ಅಲ್ಲಿ ಕೆಳುಸ್ಕರ್ ಎಂಬ ವಿದ್ವಾಂಸರು ತಾವು ಬರೆದ ಬುದ್ಧಚರಿತೆಯನ್ನು ಅವನಿಗೆ ಕೊಟ್ಟರು. 1913ರಲ್ಲಿ ಅಂಬೇಡ್ಕರರು ಬರೋಡಾ ಮಹಾರಾಜರ ನೆರವಿನಿಂದ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು.

ಸಾತಾರದ ಆ ನಲ್ಲಿಯನ್ನು ಅವರು ಮರೆಯಲಿಲ್ಲ; ಮುಂದೆ ತಮ್ಮ ನೆನಪುಗಳಲ್ಲಿ ಅದನ್ನು ಬರೆದಿಟ್ಟರು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಸಾವಿರಾರು ಜನರ ಮುಂದೆ ನಡೆದು, ಚವದಾರ ಕೆರೆಗೆ ಇಳಿದು, ತಮ್ಮ ಕೈಯಿಂದಲೇ ನೀರು ಕುಡಿದರು. ಇಪ್ಪತ್ತು ವರ್ಷಗಳ ಮೇಲೆ ಸಂವಿಧಾನದ ಕರಡು ಸಮಿತಿಗೆ ಅವರೇ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿ ಸಾರ್ವಜನಿಕ ಬಾವಿ, ಕೆರೆಗಳಿಗೆ ಹೋಗಲು ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ವಿಧಿಸಿತು.